ಬ್ಯಾಂಡ್ ಬಾರದ ಜೆಲ್‌ಗಳ ಜೊತೆ ನಿಂತವರಿಗೆ

ಆಣ್ವಿಕ ವಿಜ್ಞಾನದ ವಿದ್ಯಾರ್ಥಿಗಳ ಪ್ರಯೋಗಾಲಯ ತರಬೇತಿ ಮುಗಿದಿದೆ. ಬೆಂಚ್ ಒರೆಸಿ, ಪಿಪೆಟ್‌ಗಳನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಆಯಿತು. ಉಳಿದಿರುವುದು ಥ್ಯಾಂಕ್ಸ್ ಹೇಳುವ ಕೆಲಸ. ಯಾರು ಏನು ಮಾಡಿದ್ದರಿಂದ ಯಾವ ಟ್ಯೂಬ್ ಉಳಿಯಿತು ಎಂದು ಬಿಡಿಸಿ ಹೇಳಿದರೇ ಅದಕ್ಕೊಂದು ಅರ್ಥ.

ಮೊದಲ ನಮಸ್ಕಾರ ಲ್ಯಾಬ್ ಸಹಾಯಕರಿಗೆ. ಟಿಪ್ ಬಾಕ್ಸ್‌ಗಳನ್ನು 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧ) ಮಾಡಿದ್ದಷ್ಟೇ ಅಲ್ಲ, ಪೂರ್ತಿ ಒಣಗಿಸಿಯೂ ಕೊಟ್ಟರು. ಟಿಪ್ಪಿನೊಳಗೆ ತೇವ ಉಳಿದರೆ 1 ಮೈಕ್ರೋಲೀಟರ್ ಪ್ರೈಮರ್ (ಡಿಎನ್ಎ ನಕಲು ಶುರುವಾಗಲು ಬೇಕಾದ ಚಿಕ್ಕ ಡಿಎನ್ಎ ತುಣುಕು) ಎಂದು ತೆಗೆದದ್ದು 1 ಮೈಕ್ರೋಲೀಟರ್ ಆಗಿರುವುದಿಲ್ಲ. 50 ಪಟ್ಟು ಸಾಂದ್ರತೆಯ ಟಿಎಇ ಬಫರನ್ನು (ವಿದ್ಯುತ್ ಹರಿಯಲು ಬೇಕಾದ ದ್ರಾವಣವನ್ನು) 20 ಮಿಲೀಲೀಟರ್ ತೆಗೆದು ನೀರು ಸೇರಿಸಿ ಒಂದು ಲೀಟರ್ ಮಾಡಿ, ಡಿಎನ್ಎ ತುಣುಕುಗಳನ್ನು ವಿದ್ಯುತ್ತಿನಿಂದ ಗಾತ್ರದ ಪ್ರಕಾರ ಬೇರ್ಪಡಿಸಿ ಬ್ಯಾಂಡ್‌ಗಳಾಗಿ (ಪಟ್ಟಿಗಳಾಗಿ) ತೋರಿಸುವ ಜೆಲ್‌ಗೂ ಅದರ ಟ್ಯಾಂಕಿಗೂ ಅದನ್ನೇ ಬಳಸುವಂತೆ ನೋಡಿಕೊಂಡವರೂ ಅವರೇ. ಜೆಲ್ ಮಾಡುವ ಪುಡಿ ಅಗರೋಸನ್ನು ಬರೀ ನೀರಿನಲ್ಲಿ ಕುದಿಸಿ ಸುರಿದ ಜೆಲ್‌ನಲ್ಲಿ ಡಿಎನ್ಎ ಸರಿಯಾಗಿ ಓಡುವುದಿಲ್ಲ. ನೋಡುವುದಕ್ಕೆ ಮಾತ್ರ ಎರಡು ಜೆಲ್‌ಗಳೂ ಒಂದೇ ಥರ!

ಪಿಪೆಟ್ ಹಿಡಿಯುವುದನ್ನು ಕಲಿಸಿದವರ ತಾಳ್ಮೆ ದೊಡ್ಡದು. ಡಿಎನ್ಎ ನಕಲು ಮಾಡುವ ಟ್ಯಾಕ್ ಪಾಲಿಮರೇಸ್ ಕಿಣ್ವ ಬರುವುದು 50 ಶೇಕಡಾ ಗ್ಲಿಸರಾಲ್‌ನಲ್ಲಿ. ಅದು ಜೇನಿನಂತೆ ಅಂಟುತ್ತದೆ. ಟಿಪ್ಪನ್ನು ಆಳಕ್ಕೆ ಮುಳುಗಿಸಿದರೆ ಒಳಗೆ ಎಳೆದದ್ದಕ್ಕಿಂತ ಹೊರಗೆ ಮೆತ್ತಿಕೊಂಡು ಬಂದದ್ದೇ ಹೆಚ್ಚಾಗಬಹುದು. ತುದಿಯನ್ನು ಮೇಲ್ಮೈಗೆ ಅಷ್ಟೇ ಸೋಕಿಸಿ, ಹೆಬ್ಬೆರಳನ್ನು ನಿಧಾನವಾಗಿ ಬಿಟ್ಟು, ಒಂದೆರಡು ಸೆಕೆಂಡ್ ತಡೆದು ಮೇಲೆತ್ತಬೇಕು. 25 ಮೈಕ್ರೋಲೀಟರಿನ ಒಂದು ಪಿಸಿಆರ್‌ಗೆ (ಡಿಎನ್ಎಯ ಒಂದು ಭಾಗದ ಅಸಂಖ್ಯ ಪ್ರತಿ ಮಾಡುವ ಕ್ರಿಯೆಗೆ) ಬೇಕಾದ ಕಿಣ್ವ 0.25 ಮೈಕ್ರೋಲೀಟರ್. ಅಷ್ಟನ್ನು ಯಾರ ಕೈಯೂ ನಂಬಿಕೆಯಿಂದ ಅಳೆಯದು. ಎಂಟು ಟ್ಯೂಬಿಗೆ ಒಂಬತ್ತರ ಲೆಕ್ಕದಲ್ಲಿ ಮಾಸ್ಟರ್ ಮಿಕ್ಸ್ (ಎಲ್ಲ ಟ್ಯೂಬಿಗೂ ಸೇರಿ ಒಂದೇ ಮಿಶ್ರಣ) ಮಾಡಿದರೆ ಅದೇ 2.25 ಆಗುತ್ತದೆ, ಅಳೆಯಬಹುದು. ಈ ಗುಣಾಕಾರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದು ಅಳಿಸಿದರೋ!

ಇನ್ನು ವಿದ್ಯಾರ್ಥಿಗಳು. ಕೆಟ್ಟ ಜೆಲ್‌ಗಳನ್ನು ಕಸದ ಬುಟ್ಟಿಗೆ ಹಾಕದೆ ಎಲ್ಲರ ಮುಂದೆ ಇಟ್ಟದ್ದಕ್ಕೆ ಅವರಿಗೆ ವಿಶೇಷ ಧನ್ಯವಾದ. ತರಬೇತಿಯ ಅರ್ಧ ಪಾಠ ಅಲ್ಲೇ ಇತ್ತು. ಒಂದು ಜೆಲ್‌ನಲ್ಲಿ ವೆಲ್ಲಿಗೆ (ಗುಳಿಗೆ) ಹಾಕಿದ ಸ್ಯಾಂಪಲ್ ತಳದಲ್ಲಿ ಕೂರದೆ ನೀಲಿ ಹೊಗೆಯಂತೆ ಮೇಲೆದ್ದು ಬಫರಿನಲ್ಲಿ ಕರಗಿಹೋಯಿತು. ಸ್ಯಾಂಪಲನ್ನು ಭಾರವಾಗಿಸುವ ಬಣ್ಣ, ಅಂದರೆ ಲೋಡಿಂಗ್ ಡೈ, ಸರಿಯಾಗಿಯೇ ಇತ್ತು. ತಪ್ಪಿದ್ದು ಅದಕ್ಕೂ ಹಿಂದೆ: ಡಿಎನ್ಎ ಶುದ್ಧೀಕರಿಸುವ ಪುಟ್ಟ ಸೋಸುಕ ಸ್ಪಿನ್ ಕಾಲಮನ್ನು ತೊಳೆದ ಮೇಲೆ ಖಾಲಿ ಕಾಲಮನ್ನು ಇನ್ನೂ ಎರಡು ನಿಮಿಷ ತಿರುಗಿಸಬೇಕಿತ್ತು. ಅದು ಬಿಟ್ಟುಹೋಗಿ ವಾಶ್ ಬಫರಿನ ಎಥನಾಲ್ ಡಿಎನ್ಎ ಜೊತೆ ಇಳಿದು ಬಂದಿತ್ತು. ಎಥನಾಲ್ ಹಗುರ, ಅದಕ್ಕೇ ಸ್ಯಾಂಪಲ್ ತೇಲಿತು. ಬೆಳಕಿನ ಹೀರಿಕೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 260/280 ಅನುಪಾತ (260 ಮತ್ತು 280 ನ್ಯಾನೋಮೀಟರ್ ಬೆಳಕಿನ ಹೀರಿಕೆಗಳ ಅನುಪಾತ) 1.8 ಬಂದರೆ ಡಿಎನ್ಎ ಶುದ್ಧ ಎಂದು ನಿಟ್ಟುಸಿರು ಬಿಡುವ ಅಭ್ಯಾಸ ಎಲ್ಲ ಕಡೆ ಇದೆ. ಅದೊಂದೇ ಸಾಲದು, 260/230 ಕೂಡ 2ರ ಆಸುಪಾಸು ಇರಬೇಕು. ಅದು 1ಕ್ಕಿಂತ ಕೆಳಗಿದ್ದರೆ ಶುದ್ಧೀಕರಣಕ್ಕೆ ಬಳಸಿದ ಗ್ವಾನಿಡಿನ್ ಉಪ್ಪು ಉಳಿದಿರುವ ಅನುಮಾನ ಪಡಬೇಕು, ಪಿಸಿಆರ್ ಅಲ್ಲೇ ಮುಗ್ಗರಿಸಬಹುದು.

ಡಿಎನ್ಎ ಬದಲು ನೀರು ಹಾಕಿದ, ಬ್ಯಾಂಡ್ ಬರಬಾರದ ನೆಗೆಟಿವ್ ಕಂಟ್ರೋಲ್‌ನಲ್ಲಿ ಬ್ಯಾಂಡ್ ಕಂಡಾಗ ಅದನ್ನು ಮುಚ್ಚಿಡದ ತಂಡಕ್ಕೂ ನಮಸ್ಕಾರ. 100 ಬೇಸ್ ಜೋಡಿಗಿಂತ (ಬೇಸ್ ಜೋಡಿ ಡಿಎನ್ಎ ಉದ್ದದ ಅಳತೆ) ಕೆಳಗೆ ಮಸುಕಾಗಿ ಕಂಡಿದ್ದರೆ ಪ್ರೈಮರ್‌ಗಳೇ ಒಂದಕ್ಕೊಂದು ಅಂಟಿದ ಪ್ರೈಮರ್ ಡೈಮರ್ ಎಂದು ಬಿಡಬಹುದಿತ್ತು. ಇದು ಬೇಕಾದ ಗಾತ್ರದಲ್ಲೇ ಇತ್ತು, ಎಂದರೆ ಕಲಬೆರಕೆ. ನೀರಿನ ಹೊಸ ಟ್ಯೂಬ್ ತೆರೆದು, ಫಿಲ್ಟರ್ ಟಿಪ್ ಹಾಕಿ, ಜೆಲ್ ಲೋಡ್ ಮಾಡುವ ಪಿಪೆಟ್ಟನ್ನು ಪಿಸಿಆರ್ ಬೆಂಚಿನಿಂದ ದೂರ ಇಟ್ಟು ಮತ್ತೆ ಮಾಡಿದಾಗ ಆ ಲೇನ್ ಖಾಲಿಯಾಯಿತು.

ಪಿಸಿಆರ್ ಯಂತ್ರ ಥರ್ಮೋಸೈಕ್ಲರ್ ಬಿಟ್ಟುಕೊಟ್ಟ ಪಕ್ಕದ ಲ್ಯಾಬಿನವರಿಗೆ, ಐಸ್ ಮುಗಿಯದಂತೆ ನೋಡಿಕೊಂಡವರಿಗೆ ಋಣಿ.

ಮಿಕ್ಕ ಪ್ರೈಮರ್‌ಗಳನ್ನು 10 ಮೈಕ್ರೋಮೋಲಾರ್ ಸಾಂದ್ರತೆಗೆ ಇಳಿಸಿ, 50 ಮೈಕ್ರೋಲೀಟರಿನಂತೆ ಹಂಚಿ, ಮೈನಸ್ 20ರ ಫ್ರೀಜರಿನಲ್ಲಿ ಇಟ್ಟಿದೆ. ಬೇಕಾದವರು ಒಯ್ಯಬಹುದು. ಹೆಸರು, ದಿನಾಂಕ ಮಾರ್ಕರಿನಲ್ಲಿ ಬರೆದಿದೆ. ಎಥನಾಲ್ ತಾಗಿದ ಗ್ಲವ್ಸ್‌ನಲ್ಲಿ ಮುಟ್ಟಬೇಡಿ, ಅಳಿಸಿಹೋಗುತ್ತದೆ.