ದಣಿದು ಹೂಂ ಎನ್ನುವ ಮೊದಲು

ಚಿ. ಸುಹಾಸನಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ನಿನ್ನ ಪತ್ರದಲ್ಲಿ ಕೆಲಸ, ವೀಸಾ, ಅತ್ತಿಗೆ ಕಳಿಸಿದ ಜಾತಕಗಳು ಎಲ್ಲ ಇದ್ದವು. ಅದಕ್ಕೆಲ್ಲ ಉತ್ತರ ಬರೆಯುವುದಿಲ್ಲ. ಅವು ಇಲ್ಲಿ ದಿನಬೆಳಗಾದರೆ ನಡೆಯುವ ಮಾತು. ನೀನು ನಿನ್ನ ವಿಷಯ ನನ್ನೊಬ್ಬಳಿಗೆ ಹೇಳಿಕೊಂಡದ್ದನ್ನೂ ಮತ್ತೆ ಕೆದಕುವುದಿಲ್ಲ. ಆದರೆ ಮೂರನೆಯ ಪುಟದ ಕೊನೆಗೆ, ಸಿನಿಮಾದ ಮಾತಿನ ನಡುವೆ, ಒಂದು ಸಾಲು ಬರೆದಿದ್ದೀಯೆ: "ಅತ್ತೆ, ನನಗೆ ಜನರ ಹೆದರಿಕೆ ಅಷ್ಟಿಲ್ಲ. ಒಂದು ದಿನ ಸುಸ್ತಾಗಿ ಹೂಂ ಅಂದುಬಿಡುತ್ತೇನೆ ಅನ್ನುವುದೇ ಹೆದರಿಕೆ." ಆಮೇಲೆ ಅಲ್ಲಿಯ ಹಿಮದ ವರ್ಣನೆ ಮಾಡಿ ಪುಟ ತುಂಬಿಸಿದ್ದೀಯೆ. ಹಿಮ ನನಗೆ ಬೇಡ. ಆ ಸಾಲು ಓದಿದಂದಿನಿಂದ ಹಾಲು ಒಲೆಯ ಮೇಲಿಟ್ಟು ಮರೆಯುತ್ತಿದ್ದೇನೆ.

ನೀನು ಹೇಳಿದೆಯೆಂದು ‘ಬ್ರೋಕ್‌ಬ್ಯಾಕ್ ಮೌಂಟನ್’ ನೋಡಿದೆ, ಎನಿಸ್, ಜ್ಯಾಕ್ ಎಂಬ ಕುರಿ ಕಾಯುವ ಗಂಡಸರಿಬ್ಬರು ಒಬ್ಬರನ್ನೊಬ್ಬರು ಪ್ರೀತಿಸುವ ಕತೆ. ಕೆಳಗಿನ ಮನೆಯ ಹುಡುಗಿ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟು ಕಾಲೇಜಿಗೆ ಹೋದಳು. ಜೊತೆಗೆ ಕೂರದೆ ಹೋದದ್ದೇ ಒಳ್ಳೆಯದಾಯಿತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿಯೇ ನಿವೃತ್ತಳಾದವಳು ನಾನು, ಆದರೂ ಎನಿಸ್‌ನ ಮಾತು ಅಡಿಬರಹವಿಲ್ಲದೆ ತಿಳಿಯಲಿಲ್ಲ. ಆ ಪಾತ್ರ ಮಾಡಿದ ಹೀತ್ ಲೆಡ್ಜರ್ ಹಲ್ಲು ಬಿಡಿಸದೆ ಮಾತಾಡುತ್ತಾನೆ. ಹೆದರಿಕೆ ದವಡೆಯಲ್ಲಿ ಕೂತವರು ಹಾಗೆಯೇ ಮಾತಾಡುವುದು, ನಾನು ಕಂಡಿದ್ದೇನೆ. ಅತ್ಯುತ್ತಮ ಚಿತ್ರದ ಆಸ್ಕರ್ ತಪ್ಪಿದ್ದಕ್ಕೆ ನಿನಗೆ ಇನ್ನೂ ಸಿಟ್ಟು ಇರುವಂತಿದೆ. ನಿರ್ದೇಶಕ ಆಂಗ್ ಲೀಗೆ, ಚಿತ್ರಕತೆಗೆ, ಸಂಗೀತಕ್ಕೆ ಬಂತಲ್ಲ, ಸಾಕು ಬಿಡು. 2006ರ ಜಗಳ ಅದು.

ಒಂದು ಸಂಗತಿ ಗಮನಿಸಿದೆಯಾ? ಎನಿಸ್‌ನನ್ನು ಮದುವೆಗೆ ಯಾರೂ ಬಲವಂತ ಮಾಡುವುದಿಲ್ಲ. 1963ರ ಬೇಸಿಗೆಯಲ್ಲಿ ಕುರಿ ಕಾಯಲು ಬೆಟ್ಟ ಹತ್ತುವಾಗಲೇ ಆಲ್ಮಾಳೊಂದಿಗೆ ಮದುವೆ ಗೊತ್ತಾಗಿರುತ್ತದೆ. ಅಪ್ಪ ಅಮ್ಮ ಸತ್ತಿದ್ದಾರೆ. ಊಟ ಬಿಟ್ಟು ಮಲಗುವ ತಾಯಿಯಿಲ್ಲ, ಜಾತಕ ಹಿಡಿದು ಬರುವ ಸೋದರಮಾವನಿಲ್ಲ. ಬೆಟ್ಟದಿಂದ ಇಳಿದು, ಜ್ಯಾಕ್‌ನ ಗಾಡಿ ಹೊರಟುಹೋದ ಮೇಲೆ, ಕಟ್ಟಡದ ಸಂದಿಯೊಂದರಲ್ಲಿ ಕುಸಿದು ಓಕರಿಸುತ್ತಾನೆ, ಗೋಡೆಗೆ ಗುದ್ದುತ್ತಾನೆ. ತನಗೆ ಏನಾಗುತ್ತಿದೆ ಎಂದು ಅವನಿಗೇ ತಿಳಿಯುವುದಿಲ್ಲ. ಅದರ ಬೆನ್ನಿಗೇ ಪಾದ್ರಿಯ ಮುಂದೆ ನಿಂತಿರುತ್ತಾನೆ. ನೀನು ಬರೆದ ಹೂಂ ಅಂದರೆ ಅದೇ. ಯಾರೂ ಕತ್ತು ಹಿಡಿದು ಹೇಳಿಸಿದ್ದಲ್ಲ, ಬೇಡ ಎನ್ನಲು ತ್ರಾಣ ಸಾಲದೆ ಬಾಯಿಂದ ಜಾರಿದ್ದು.

ಕೊನೆಯಲ್ಲಿ ಎರಡು ಅಂಗಿಗಳು ಒಂದರೊಳಗೊಂದು ತೂಗುವುದನ್ನು ಕಂಡು ನಿನಗೆ ಅಳು ಬಂತಂತೆ. ನನಗೆ ಬರಲಿಲ್ಲ. ನಾನು ಆಗಲೇ ಆಲ್ಮಾಳ ಜೊತೆ ಉಳಿದುಬಿಟ್ಟಿದ್ದೆ. ಗಂಡ ಮೀನು ಹಿಡಿಯಲೆಂದು ಗೆಳೆಯನೊಂದಿಗೆ ಹೋಗುತ್ತಾನೆ. ಇವಳು ಮೀನು ಹಾಕುವ ಬುಟ್ಟಿ ತೆರೆದು ನೋಡಿದರೆ ಐದು ವರ್ಷವಾದರೂ ಅಂಗಡಿಯ ಬೆಲೆಚೀಟಿ ಹಾಗೆಯೇ ಇದೆ. ಮನೆಗೂ ಒಂದಿಷ್ಟು ಮೀನು ತನ್ನಿ ಎಂದು ಚೀಟಿ ಬರೆದು ಗಾಳದ ದಾರದ ತುದಿಗೆ ಕಟ್ಟುತ್ತಾಳೆ. ಅವನು ನಗುನಗುತ್ತ ವಾಪಸು ಬಂದು, ಬೇಕಾದಷ್ಟು ಮೀನು ಸಿಕ್ಕವು, ಎಲ್ಲ ಅಲ್ಲಿಯೇ ತಿಂದು ಮುಗಿಸಿದೆವು ಎನ್ನುತ್ತಾನೆ. ಚೀಟಿ ಕಟ್ಟಿದಲ್ಲಿಯೇ ಇರುತ್ತದೆ. ಇದನ್ನು ಅವಳು ಬಾಯಿಬಿಡುವುದು ವಿಚ್ಛೇದನವಾದ ಮೇಲೆ, ಬೇರೆಯವನನ್ನು ಮದುವೆಯಾಗಿ ಬಸುರಿಯಾಗಿದ್ದಾಗ, ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತು. ಅಷ್ಟು ವರ್ಷ ಅವಳು ಒಲೆಯ ಮುಂದೆ ಅದನ್ನೇ ಜಗಿಯುತ್ತ ಇದ್ದಳಲ್ಲ, ಆ ವರ್ಷಗಳ ಲೆಕ್ಕ ಸಿನಿಮಾದಲ್ಲಿ ಇಲ್ಲ. ಇರಬೇಕು ಎಂದೂ ಅಲ್ಲ. ನನಗೆ ಮಾತ್ರ ಕಂಡಿತು.

ಯಾಕೆ ಕಂಡಿತು ಎಂದರೆ ಇದನ್ನು ಅಣ್ಣನಿಗೂ ಹೇಳಿದವಳಲ್ಲ. ನಿನ್ನ ಮಾವನಿಗೆ ತೀರ್ಥಹಳ್ಳಿಯ ಕಡೆಯ ಗೆಳೆಯರೊಬ್ಬರಿದ್ದರು. ನೀನು ಚಿಕ್ಕವನಿದ್ದಾಗ ಒಮ್ಮೆ ನೋಡಿರಬೇಕು, ಎತ್ತರಕ್ಕೆ ಇದ್ದರು, ಮಾತು ಕಡಿಮೆ. ತಾಳಮದ್ದಲೆ ಎಲ್ಲಿದ್ದರೂ ಇಬ್ಬರೂ ಕೂಡಿ ಹೋಗುತ್ತಿದ್ದರು. ಇನ್‌ಲ್ಯಾಂಡ್ ಲೆಟರುಗಳು ಬರುತ್ತಿದ್ದವು. ನಿನ್ನ ಮಾವ ಬಚ್ಚಿಡುತ್ತಿರಲಿಲ್ಲ, ಓದಿ ಮೇಜಿನ ಮೇಲೆ ಬಿಡುತ್ತಿದ್ದರು. ರಾಶಿ ಅಡಿಕೆಗೆ ಇಷ್ಟು ಧಾರಣೆ, ಕೊಳೆರೋಗ ಬಂದಿದೆ, ಮದ್ದು ಹೊಡೆಸಿದೆ, ಮಳೆ ಹಿಡಿದಿದೆ. ಕೊನೆಗೆ ಹೆಸರು. ಅಷ್ಟೇ. ಒಂದು ಅಕ್ಷರ ಹೆಚ್ಚಿಲ್ಲ. ಆದರೆ ಅಡಿಕೆ ಧಾರಣೆ ಓದಿದ ದಿನ ನಿನ್ನ ಮಾವ ಹಜಾರದಲ್ಲಿ ಹಾಡಿಕೊಳ್ಳುತ್ತಿದ್ದರು. ನಮಗೆ ಒಂದು ಅಡಿಕೆ ಮರವೂ ಇರಲಿಲ್ಲ.

ನಾನು ಚೀಟಿ ಕಟ್ಟಲಿಲ್ಲ. ಕೇಳಲೂ ಇಲ್ಲ. ಒಳ್ಳೆಯ ಗಂಡ, ಕೈ ಎತ್ತಿದವರಲ್ಲ, ಸಂಬಳದ ಕವರು ಒಡೆಯದೆ ನನ್ನ ಕೈಗೆ ಕೊಡುತ್ತಿದ್ದರು. ಮತ್ತೇನು ಬೇಕು ಎಂದು ನಮ್ಮಮ್ಮ ಕೇಳುತ್ತಿದ್ದಳು. ಮತ್ತೇನು ಬೇಕು ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಸುಹಾಸ. ರಾತ್ರಿ ಪಕ್ಕದಲ್ಲಿ ಮಲಗಿದವರು ಎಚ್ಚರವಾಗಿದ್ದಾರೆಂದು ಗೊತ್ತಾಗುತ್ತದೆ, ನಾನು ಎಚ್ಚರವಾಗಿದ್ದೇನೆಂದು ಅವರಿಗೂ ಗೊತ್ತಾಗುತ್ತದೆ, ಇಬ್ಬರೂ ಗೋಡೆಯ ಕಡೆ ತಿರುಗಿರುತ್ತೇವೆ. ಅವರು ತೀರಿಕೊಂಡಾಗ ಅಸ್ಥಿಯನ್ನು ಕೂಡಲಿಗೆ ಒಯ್ದೆವು, ನಿನ್ನ ಅಪ್ಪನೂ ಇದ್ದ. ಆ ಗೆಳೆಯರು ಬಂದಿದ್ದರು. ಮೆಟ್ಟಿಲ ಮೇಲೆ ದೂರ ನಿಂತರು, ನೀರಿಗೆ ಇಳಿಯಲಿಲ್ಲ. ಅವರು ಯಾರು, ಏನು ಎಂದು ಪುರೋಹಿತರು ಕೇಳಿದರು. ನಾನು ‘ಪರಿಚಯದವರು’ ಎಂದೆ. ಅದೊಂದು ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಗೆಳೆಯರು ಎನ್ನಬಹುದಾಗಿತ್ತು.

ಇದರಿಂದ ನೀನು ಏನೂ ತೀರ್ಮಾನಿಸಬೇಡ. ನನಗೇ ತೀರ್ಮಾನವಿಲ್ಲ. ಬರೇ ಸ್ನೇಹವೇ ಇದ್ದಿರಬಹುದು, ಗಂಡಸರಿಬ್ಬರು ತಾಳಮದ್ದಲೆ ಕೇಳಲು ಹೋಗಬಾರದೇನು? ಕೇಳಿದ್ದರೆ ಸುಳ್ಳಾದರೂ ಹೇಳುತ್ತಿದ್ದರು, ಆ ಸುಳ್ಳನ್ನಾದರೂ ಇಟ್ಟುಕೊಳ್ಳುತ್ತಿದ್ದೆ. ನಾನು ಹೇಳಬೇಕೆಂದದ್ದು ಅವರ ವಿಷಯವೂ ಅಲ್ಲ. ನೀನು ಸುಸ್ತಾಗಿ ಹೂಂ ಎಂದ ದಿನ ಆ ಸುಸ್ತು ಮುಗಿಯುವುದಿಲ್ಲ, ಅರ್ಧ ಪಾಲು ಇನ್ನೊಬ್ಬಳ ಹೆಗಲಿಗೆ ಹೋಗುತ್ತದೆ. ಅವಳಿಗೆ ಅದು ಏನೆಂದೂ ಗೊತ್ತಿರುವುದಿಲ್ಲ. ತನ್ನಲ್ಲೇ ಏನೋ ಕೊರತೆ ಎಂದುಕೊಂಡು ಸೀರೆ ಬದಲಿಸುತ್ತಾಳೆ, ಸಾರಿನ ರುಚಿ ಬದಲಿಸುತ್ತಾಳೆ.

ಹೆದರಬೇಡ ಎಂದು ನಾನು ಬರೆಯುವುದಿಲ್ಲ. ಹಾಗೆ ಬರೆಯುವವರು ನನಗೆ ಹಿಡಿಸುವುದಿಲ್ಲ. ಎನಿಸ್‌ಗೆ ಒಂಬತ್ತು ವರ್ಷವಾಗಿದ್ದಾಗ ಅವನ ಅಪ್ಪನೇ ಕರೆದೊಯ್ದು ಹೆಣ ತೋರಿಸುತ್ತಾನೆ. ಇಬ್ಬರು ಮುದುಕರು ಕೂಡಿ ಬಾಳುತ್ತಿದ್ದರೆಂದು ಅವರಲ್ಲೊಬ್ಬನನ್ನು ಹೊಡೆದು ಎಳೆದಾಡಿ ಕೊಂದು ಕಾಲುವೆಯಲ್ಲಿ ಬಿಟ್ಟಿರುತ್ತಾರೆ. ಮಗ ನೋಡಲಿ ಎಂದು ತೋರಿಸಿದ್ದು. ಆ ಹುಡುಗ ಮತ್ತೆ ಒಂಬತ್ತು ದಾಟಲೇ ಇಲ್ಲ. ನಿನಗೆ ಯಾರು ತೋರಿಸಿದರು ಎಂದು ಯೋಚಿಸುತ್ತಿದ್ದೆ. ನಿನ್ನ ದೊಡ್ಡಪ್ಪನ ಮಗಳ ಮದುವೆಯಲ್ಲಿ ಅಡಿಗೆಯವರ ಜೊತೆ ಬಂದ ಹುಡುಗನೊಬ್ಬ ಸೆರಗು ಹೊದ್ದವರ ಹಾಗೆ ನಡೆಯುತ್ತಾನೆಂದು ಪಂಕ್ತಿಯಲ್ಲಿ ಕೂತವರು ಅಣಕಿಸಿ ಕೂಗಿದ್ದು ನೆನಪಿದೆಯೇ? ಅವನ ಕೈಯಲ್ಲಿ ಪಾಯಸದ ಕೊಳಗ ನಡುಗುತ್ತಿತ್ತು. ಎಲ್ಲರೂ ನಕ್ಕರು. ನೀನೂ ನಕ್ಕೆ, ಆದರೆ ಮೊದಲು ಎಲ್ಲರ ಮುಖ ನೋಡಿ ಆಮೇಲೆ ನಕ್ಕೆ. ಆಗ ನನಗೆ ಅದೇಕೆ ಕಣ್ಣಿಗೆ ಬಿತ್ತೋ ತಿಳಿಯದು.

ಸಿನಿಮಾದ ಕತೆ ನಡೆಯುವ ವಯೋಮಿಂಗ್ ರಾಜ್ಯದ ಲಾರಮಿ ಪಟ್ಟಣ ನಿನ್ನ ಫೋರ್ಟ್ ಕಾಲಿನ್ಸ್‌ಗೆ ಕಾರಿನಲ್ಲಿ ಗಂಟೆಯೊಂದರ ದಾರಿ ಎಂದು ಬರೆದಿದ್ದೀಯೆ. ಹೋಗಿದ್ದೆ ಎಂದೂ, ಬೇಲಿ ಹುಡುಕಲಿಲ್ಲ ಎಂದೂ. ನಾನು ಆಮೇಲೆ ಓದಿಕೊಂಡೆ. ಸಿನಿಮಾಕ್ಕೆ ಆಧಾರವಾದ, ಆನಿ ಪ್ರೂ ಬರೆದ ಕತೆ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಂದದ್ದು 1997ರ ಅಕ್ಟೋಬರಿನಲ್ಲಿ. ಮರುವರ್ಷ ಅದೇ ಅಕ್ಟೋಬರಿನಲ್ಲಿ ವಯೋಮಿಂಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಗಂಡಸರನ್ನು ಪ್ರೀತಿಸುವ ಹುಡುಗ ಮ್ಯಾಥ್ಯೂ ಶೆಪರ್ಡ್‌ನನ್ನು ಹೊಡೆದು ಬೇಲಿಗೆ ಕಟ್ಟಿ ಹೋದರು. ಸೈಕಲ್ಲಿನಲ್ಲಿ ಬಂದವನು ಮೊದಲು ಬೆರ್ಚಪ್ಪ ಎಂದುಕೊಂಡನಂತೆ. ಆ ಮಗು ಪ್ರಾಣ ಬಿಟ್ಟದ್ದು ನಿನ್ನ ಊರಿನ ಆಸ್ಪತ್ರೆಯಲ್ಲಿಯೇ. ಇಪ್ಪತ್ತೊಂದು ವರ್ಷ. ಸಮಾಧಿ ಮಾಡಿದರೆ ಅದನ್ನೂ ಕೆಡಿಸುತ್ತಾರೆಂದು ಹೆದರಿ ಹೆತ್ತವರು ಇಪ್ಪತ್ತು ವರ್ಷ ಬೂದಿಯನ್ನು ಕಾಪಾಡಿಕೊಂಡು, 2018ರಲ್ಲಿ ವಾಷಿಂಗ್ಟನ್ನಿನ ದೊಡ್ಡ ಕ್ಯಾಥೆಡ್ರಲ್ಲಿನಲ್ಲಿ ಇಟ್ಟರಂತೆ. ನಿನ್ನ ಹೆದರಿಕೆಯನ್ನು ಸುಳ್ಳು ಎನ್ನಲು ನಾನು ಯಾರು?

ಆದರೂ ನೋಡು. ವಯೋಮಿಂಗಿನಲ್ಲಿ ಗಂಡಸರಿಬ್ಬರ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಕಾನೂನನ್ನು 1977ರಲ್ಲೇ ತೆಗೆದುಹಾಕಿದರು. ಸಿನಿಮಾದ ಕತೆ ಅದಾದ ಮೇಲೂ ಐದಾರು ವರ್ಷ ನಡೆಯುತ್ತದೆ. ಎನಿಸ್ ಒಂದು ಸಲವೂ ಆ ಮಾತು ಎತ್ತುವುದಿಲ್ಲ. ಅವನು ಹೆದರಿದ್ದು ಪೊಲೀಸರಿಗಲ್ಲ, ಪಕ್ಕದ ಅಂಗಡಿಯವನ ಕಣ್ಣಿಗೆ. ಜ್ಯಾಕ್ ಒಂದು ಸಣ್ಣ ರ‍್ಯಾಂಚ್ ಮಾಡಿಕೊಂಡು ಕೂಡಿ ಇರೋಣ ಎಂದು ಮತ್ತೆ ಮತ್ತೆ ಕೇಳುತ್ತಾನೆ, ಇವನಿಗೆ ಪ್ರತಿಸಲ ಕಾಲುವೆಯ ಹೆಣವೇ ಕಾಣುತ್ತದೆ. ಕಡೆಗೆ ವರ್ಷಕ್ಕೆ ಒಂದೆರಡು ಸಲದ ಭೇಟಿ, ಅದರಲ್ಲೂ ಜಗಳ. ಜ್ಯಾಕ್ ಸತ್ತ ಸುದ್ದಿ ಬರುವುದು ಇವನೇ ಬರೆದ ಕಾರ್ಡು ಮೃತ ಎಂಬ ಮುದ್ರೆಯೊಂದಿಗೆ ವಾಪಸಾದಾಗ. ಬೂದಿ ಕೇಳಲು ಹೋದರೆ ಜ್ಯಾಕ್‌ನ ಅಪ್ಪ ಕೊಡುವುದಿಲ್ಲ. ಆಗ ನನಗೆ ಕೂಡಲಿಯ ಮೆಟ್ಟಿಲು ಎದುರಿಗೆ ಬಂತು, ಲ್ಯಾಪ್‌ಟಾಪ್ ನಿಲ್ಲಿಸಿ ಎದ್ದು ಓಡಾಡಿದೆ.

ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಇಂಥ ಸಂಬಂಧ ಅಪರಾಧವಲ್ಲ ಎಂದು 377ನೆಯ ಕಲಮಿನ ಮೇಲೆ ತೀರ್ಪು ಕೊಟ್ಟಾಗ ನಾನು ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸಿದ್ದೆ. ಈಗ ಹುಡುಕಿ ತೆಗೆದೆ. ನ್ಯಾಯಮೂರ್ತಿ ಇಂದು ಮಲ್ಹೋತ್ರಾ, ಚರಿತ್ರೆಯು ಈ ಜನರ ಮತ್ತು ಅವರ ಕುಟುಂಬಗಳ ಕ್ಷಮೆ ಕೇಳಬೇಕು ಎಂಬರ್ಥದಲ್ಲಿ ಬರೆದಿದ್ದಾರೆ. ಕುಟುಂಬಗಳನ್ನೂ ನೆನೆದಿದ್ದಾರಲ್ಲ ಎಂದು ಆಶ್ಚರ್ಯವಾಯಿತು. 2023ರಲ್ಲಿ ಮದುವೆಯ ಮಾನ್ಯತೆ ಕೇಳಿದಾಗ ಅದೇ ನ್ಯಾಯಾಲಯ ಆಗದು ಎಂದಿತು, ಅದು ನಿನಗೆ ಗೊತ್ತೇ ಇದೆ. ನೀನಿರುವ ದೇಶದಲ್ಲಿ 2015ರಿಂದ ಆ ಬಾಗಿಲು ತೆರೆದಿದೆ. ಆದರೆ ನಿನ್ನ ಹೂಂ ಕೇಳುತ್ತಿರುವುದು ಆ ದೇಶವಲ್ಲ, ಸಂಜೆಯ ಫೋನು.

ಅಣ್ಣನ ವಿಷಯಕ್ಕೆ ಒಂದು ಮಾತು. ಇದೇ ಆಂಗ್ ಲೀ 1993ರಲ್ಲಿ ‘ದಿ ವೆಡ್ಡಿಂಗ್ ಬ್ಯಾಂಕ್ವೆಟ್’ ಎಂಬ ಚಿತ್ರ ಮಾಡಿದ್ದ, ಅದನ್ನೂ ನೋಡಿದೆ. ನ್ಯೂಯಾರ್ಕಿನಲ್ಲಿ ಗೆಳೆಯನೊಂದಿಗಿರುವ ತೈವಾನಿನ ಹುಡುಗ ಅಪ್ಪ ಅಮ್ಮನ ಸಮಾಧಾನಕ್ಕೆ ಹುಸಿ ಮದುವೆ ಮಾಡಿಕೊಳ್ಳುತ್ತಾನೆ. ಇಂಗ್ಲಿಷ್ ಬಾರದೆಂದು ಎಲ್ಲರೂ ತಿಳಿದಿದ್ದ ಮುದುಕ ಅಪ್ಪನಿಗೆ ಎಲ್ಲ ಅರ್ಥವಾಗಿರುತ್ತದೆ. ಮೊಮ್ಮಗ ಬೇಕೆಂದು ಸುಮ್ಮನಿದ್ದಿರುತ್ತಾನೆ. ನಗಿಸುವ ಸಿನಿಮಾ, ನನಗೆ ಆ ಮುದುಕನ ಮೇಲೆ ಸಿಟ್ಟು ಬಂತು. ಅಣ್ಣನೂ ಹಾಗೆ ತಿಳಿದೇ ಕೂತಿರಬಹುದು. ಕಳೆದ ಯುಗಾದಿಗೆ ಬಂದಾಗ ನಿನ್ನ ಮದುವೆಯ ಮಾತು ಬಂದೊಡನೆ ಎದ್ದು ಹಿತ್ತಲಿಗೆ ಹೋದ, ಬಹಳ ಹೊತ್ತು ಬರಲಿಲ್ಲ.

ನಾನು ಏನು ಹೇಳಬಲ್ಲೆ? ದಣಿದಾಗ ಫೋನು ಎತ್ತಬೇಡ. ಇಲ್ಲಿ ಸಂಜೆಯಾದಾಗ ಅಲ್ಲಿ ಇನ್ನೂ ಬೆಳಗಾಗುತ್ತಿರುತ್ತದೆ, ನಿದ್ದೆಗಣ್ಣಿನಲ್ಲಿ ಉತ್ತರ ಕೊಡುತ್ತೀಯೆ. ‘ಆಮೇಲೆ ಹೇಳುತ್ತೇನೆ’ ಎಂದರೆ ಅತ್ತಿಗೆ ಅದನ್ನು ಅರ್ಧ ಒಪ್ಪಿಗೆ ಎಂದುಕೊಳ್ಳುತ್ತಾರೆ. ‘ಈ ಹುಡುಗಿ ಬೇಡ’ ಎಂದರೆ ಇನ್ನೊಬ್ಬಳನ್ನು ತರುತ್ತಾರೆ. ಮದುವೆ ಬೇಡ ಎಂದೇ ಹೇಳು, ಕಾರಣ ಈಗಲೇ ಹೇಳಬೇಕೆಂದಿಲ್ಲ. ಇದು ಸರಿಯಾದ ಸಲಹೆಯೋ ಅಲ್ಲವೋ. ಫೋಟೋ ಕಳಿಸಬೇಡ. ಬೂಟು ಒಳ್ಳೆಯದು ತೆಗೆದುಕೊ, ಹಿಮದಲ್ಲಿ ರಾತ್ರಿ ಒಬ್ಬನೇ ಕಾರು ಓಡಿಸಬೇಡ. ನಿನ್ನ ಆ ಹುಡುಗನ ಬಗ್ಗೆ ಒಂದೇ ಸಾಲು ಬರೆದಿದ್ದೀಯೆ, ನಾನಾಗಿ ಕೇಳುವುದಿಲ್ಲ. ಅವನು ಅನ್ನ ಸಾರು ಉಣ್ಣುತ್ತಾನೆಯೇ ಎಂಬುದನ್ನಾದರೂ ತಿಳಿಸು.

ಅತ್ತಿಗೆಯ ಹತ್ತಿರ ನಾನು ಬಾಯಿಬಿಟ್ಟಿಲ್ಲ, ನೀನು ಹೇಳುವವರೆಗೆ ಬಿಡುವುದೂ ಇಲ್ಲ. ಹೇಳುವ ದಿನ ನಾನು ಎದುರಿಗಿರಬೇಕು ಎಂದಾದರೆ ಹೇಳು, ಬಸ್ಸು ಹತ್ತಿ ಬರುತ್ತೇನೆ. ಅತ್ತಿಗೆ ಅಳುತ್ತಾರೆ, ಅಳಲಿ. ನನ್ನ ಮೇಲೂ ಹಾರಾಡುತ್ತಾರೆ, ಅದು ನನಗೆ ಹೊಸದಲ್ಲ. ಹುಡುಗಿಯ ಕಡೆಯವರು ದೀಪಾವಳಿ ಕಳೆದ ಮೇಲೆ ಮಾತಿಗೆ ಬರುತ್ತಾರಂತೆ. ಅವಳು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಳೆ, ಫೋಟೋ ನನಗೂ ಬಂದಿದೆ. ದೀಪಾವಳಿಗೆ ಮೊದಲೇ ನಿನ್ನ ಉತ್ತರ ನನಗೆ ಬರಲಿ. ಪತ್ರ ತಡವಾಗುವುದಾದರೆ ಫೋನು ಮಾಡು, ಮಧ್ಯಾಹ್ನ ಎರಡರ ಮೇಲೆ ಮನೆಯಲ್ಲಿ ಒಬ್ಬಳೇ ಇರುತ್ತೇನೆ.

ಇಂತಿ ನಿನ್ನ ಅತ್ತೆ