ಐದೇ ಮೀಟರ್ ತಾನೆ ಅಂದೆಯಲ್ಲ

ಪುಟ್ಟಾ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯಿತು. ಡೈವಿಂಗ್ ಕೋರ್ಸ್ ಮುಗಿದದ್ದು, ಕಾಲಿಗೆ ಹಾಕುವ ಹೊಸ ಫಿನ್ಸ್, ಜೊತೆಗೆ ಬರುವ ಗೆಳೆಯ, ಎಲ್ಲ ನಿಮ್ಮಮ್ಮ ಆಗಲೇ ಹೇಳಿದ್ದಾಳೆ, ಮತ್ತೆ ಅಲ್ಲಿಗೆ ಹೋಗುವುದಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಪುಟದ ಒಂದು ಮಾತು. ಮಾಸ್ಕಿನೊಳಗೆ ನೀರು ಬಂದರೆ ಉಸಿರೇ ಕಟ್ಟಿದ ಹಾಗೆ ಭಯ ಆಗುತ್ತದೆ ಅಂತ ಬರೆದು, ಅದರ ಬೆನ್ನಿಗೇ "ಆದರೂ ಆ ಕೊಲ್ಲಿ ಐದೇ ಮೀಟರ್ ತಾನೆ, ತೀರಾ ಆದರೆ ಉಸಿರು ಬಿಗಿಹಿಡಿದು ಮೇಲೆ ಬಂದುಬಿಡ್ತೀನಿ" ಅಂತ ಸೇರಿಸಿದ್ದೀಯ.

ಭಯ ಇದ್ದರೆ ಇರಲಿ. ಉಸಿರು ಬಿಗಿಹಿಡಿದು ಅಂದೆಯಲ್ಲ, ಅದನ್ನು ಓದಿ ನನ್ನ ಕೈ ತಣ್ಣಗಾಯಿತು.

ಉಸಿರು ಹಿಡಿಯಬೇಡ ಅಂತ ಕೋರ್ಸಿನಲ್ಲಿ ಮೊದಲ ದಿನವೇ ಹೇಳಿರುತ್ತಾರೆ, ಪರೀಕ್ಷೆಯಲ್ಲಿ ನೀನೂ ಸರಿಯಾಗಿಯೇ ಬರೆದಿರುತ್ತೀಯ. ಆದರೆ ಮೂಗಿಗೆ ನೀರು ನುಗ್ಗಿದಾಗ ಓಡಿ ಬರುವುದು ಚಿಕ್ಕಂದಿನ ಅಭ್ಯಾಸ. ನಿನ್ನದು ಈಜು. ಈಜುವವರಿಗೆ ಉಸಿರು ಹಿಡಿಯುವುದೇ ವಿದ್ಯೆ, ಅಲ್ವಾ? ಮೇಲೆ ಎಳೆದುಕೊಂಡ ಉಸಿರು ಕೆಳಗೆ ಹೋದಾಗ ಕುಗ್ಗುತ್ತದೆ, ವಾಪಸ್ ಬಂದರೆ ಮೊದಲಿನಷ್ಟೇ ಆಗುತ್ತದೆ, ಅಷ್ಟೇ. ಸಿಲಿಂಡರಿನಿಂದ ಕೆಳಗೆ ಎಳೆದ ಉಸಿರಿನ ಲೆಕ್ಕ ಬೇರೆ. ಅದು ಆ ಆಳದ ಒತ್ತಡದಲ್ಲೇ ಎದೆಯೊಳಗೆ ಬಂದಿರುತ್ತದೆ. 10 ಮೀಟರಿನಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು, 5 ಮೀಟರಿನಲ್ಲಿ ಒಂದೂವರೆ ಪಟ್ಟು. ಅಲ್ಲಿ ಎದೆ ತುಂಬ ಎಳೆದ 5 ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ ಏಳೂವರೆ ಲೀಟರ್ ಆಗಲು ನೋಡುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಅದು ಎಲ್ಲಿಗೆ ಹೋಗಬೇಕು ಹೇಳು. ಕಿವಿಯಾದರೆ ಮೊದಲೇ ನೋವು ಕೊಟ್ಟು ಎಚ್ಚರಿಸುತ್ತದೆ. ಶ್ವಾಸಕೋಶ ಹಾಗೆ ಮುಂಚಿತವಾಗಿ ಏನೂ ಹೇಳುವುದಿಲ್ಲ. ಪೂರ್ತಿ ಉಸಿರು ತುಂಬಿಕೊಂಡು ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಮೇಲೆ ಬಂದರೂ ಹರಿಯಬಹುದು. ಹರಿದ ಜಾಗದಿಂದ ಗಾಳಿ ರಕ್ತಕ್ಕೆ ಸೇರಿ ಮಿದುಳಿಗೆ ಹೋಯಿತು ಅಂದರೆ, ಮೇಲೆ ಬಂದ ಕೆಲವೇ ನಿಮಿಷದಲ್ಲಿ ಮನುಷ್ಯ ಕುಸಿಯುತ್ತಾನೆ. 20 ಮೀಟರಿನಿಂದ 10ಕ್ಕೆ ಬಂದರೆ ಗಾಳಿ ಹಿಗ್ಗುವುದು ಒಂದೂವರೆ ಪಟ್ಟು, 10ರಿಂದ ಮೇಲಕ್ಕೆ ಬಂದರೆ ಎರಡು ಪಟ್ಟು. ಆಳ ಇಲ್ಲದ ಜಾಗ ಅಂತ ನೀನು ಧೈರ್ಯ ತಂದುಕೊಳ್ಳುತ್ತಿರುವುದು ಸರಿಯಾಗಿ ಆ ಕೊನೆಯ 10 ಮೀಟರಿನ ತುಂಡಿನ ಮೇಲೆ.

ಪಾಠ ಜಾಸ್ತಿ ಆಯಿತೇನೋ. ಇದನ್ನೆಲ್ಲ ಹೇಳುವ ಯೋಗ್ಯತೆ ನನಗಿಲ್ಲ ಅನ್ನುವುದೂ ನಿಜ. ಯಾಕೆ ಅಂತ ಹೇಳುತ್ತೇನೆ.

ನಾನು ಡೈವಿಂಗ್ ಬಿಟ್ಟದ್ದು ಕಿವಿಯ ತೊಂದರೆಯಿಂದ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಕಿವಿ ಚೆನ್ನಾಗೇ ಇತ್ತು. ನಿನ್ನದೇ ಥರದ ಕೊಲ್ಲಿ ಅದು, ಸುತ್ತ ಬಂಡೆ, ತಳ ಕಾಣುವಷ್ಟು ತಿಳಿ ನೀರು, ಎಲ್ಲೂ 6 ಮೀಟರ್ ದಾಟುವುದಿಲ್ಲ. ಮಕ್ಕಳಾಟ ಅಂದುಕೊಂಡೇ ಇಳಿದೆವು. ಅಲೆಯ ಎಳೆತಕ್ಕೆ ಇಬ್ಬರೂ ಅತ್ತಿತ್ತ ತೂಗುತ್ತಿದ್ದಾಗ ಜೊತೆಗಾರನ ಫಿನ್ ನನ್ನ ಮುಖಕ್ಕೆ ಬಡಿದು ಮಾಸ್ಕ್ ಜಾರಿತು. ಮೂಗಿಗೆ ನೀರು ಹೋಯಿತು. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಬಾಯಲ್ಲೇ ಇತ್ತು, ಗಾಳಿ ಬೇಕಾದಷ್ಟಿತ್ತು, ಆದರೂ ಗಂಟಲು ತಾನಾಗಿಯೇ ಮುಚ್ಚಿಕೊಂಡಿತು. ಹಾಗೇ ಉಸಿರು ಹಿಡಿದು ಒದ್ದುಕೊಂಡು ಮೇಲೆ ಬಂದೆ.

ಏನೂ ಆಗಲಿಲ್ಲ ಅನ್ನಬೇಕು. ಕೆಮ್ಮು ಬಂತು, ಎದೆ ಬಿಗಿದಿತ್ತು, ಎರಡು ದಿನ ಧ್ವನಿ ಒಡೆದಿತ್ತು. ಎದೆಯಿಂದ ಗಾಳಿ ಸೋರಿ ಕುತ್ತಿಗೆಯ ಕಡೆ ಸೇರಿದರೂ ಧ್ವನಿ ಹಾಗಾಗಬಹುದು ಅಂತ ಎಷ್ಟೋ ವರ್ಷದ ಮೇಲೆ ತಿಳಿಯಿತು. ಆಗ ಡಾಕ್ಟರ ಹತ್ತಿರ ಹೋಗಲಿಲ್ಲ, ನಾಚಿಕೆ. ಮರುದಿನ ಬೆಳಗ್ಗೆ ಮತ್ತೆ ಡೈವ್‌ಗೆ ಇಳಿದೆ, ಅದಕ್ಕಿಂತ ದಡ್ಡತನ ಇಲ್ಲ.

ಆದರೆ ನನ್ನನ್ನು ಇವತ್ತಿಗೂ ಕಾಡುವುದು ಆ ಜೊತೆಗಾರ. ಡೈವಿಂಗಿನ ಜೊತೆಗಾರನಿಗೆ ನೀವು ಇಂಗ್ಲಿಷಿನಲ್ಲಿ ಬಡ್ಡಿ (buddy) ಅನ್ನುತ್ತೀರಲ್ಲ, ಆ ಪದ ಕೇಳಿದರೆ ನನಗೆ ಸಾಲವೇ ನೆನಪಾಗುವುದು. ಜೊತೆಗಾರ ಕಾಣದಿದ್ದರೆ ಒಂದು ನಿಮಿಷ ಹುಡುಕಿ ಮೇಲೆ ಬರಬೇಕು ಅಂತ ನಿಯಮ. ಅವನು ಬರಲಿಲ್ಲ. ನಾನು ಯಾವುದೋ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದೇನೆ ಅಂತ ಒಂದೊಂದೇ ಸಂದಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದನಂತೆ. ಅವನ ಗುಳ್ಳೆಗಳು ಅತ್ತಿಂದಿತ್ತ ಓಡಾಡುವುದು ನನಗೆ ಮೇಲಿನಿಂದ ಕಾಣುತ್ತಿತ್ತು. ಮತ್ತೆ ಇಳಿಯುವ ಧೈರ್ಯ ಬರಲಿಲ್ಲ. ಅವನು ಮೇಲೆ ಬಂದಾಗ ಸಿಲಿಂಡರಿನ ಒತ್ತಡ ತೋರಿಸುವ ಗೇಜಿನಲ್ಲಿ 20 ಬಾರ್ ಉಳಿದಿತ್ತು, ಅಂದರೆ ಗಾಳಿ ಮುಗಿಯುತ್ತಾ ಬಂದಿತ್ತು. ಕಾಲು ಹಿಡಿದುಕೊಂಡಿತು ಅಂತ ಸುಳ್ಳು ಹೇಳಿದೆ. ಅವನು ನಂಬಿದ, ನನ್ನ ಕಾಲನ್ನೂ ತಿಕ್ಕಿದ. ಆಮೇಲೆ ಒಂದೆರಡು ಸಲ ಜೊತೆಯಲ್ಲಿ ಇಳಿದೆವು, ನಂತರ ನಾನೇ ತಪ್ಪಿಸಿಕೊಂಡೆ.

ಅದಕ್ಕೇ ಕೇಳುತ್ತೇನೆ, ಮಾಸ್ಕಿನ ಭಯ ನಿನ್ನ ಗೆಳೆಯನಿಗೆ ಗೊತ್ತಾ? ನನಗೆ ಬರೆದದ್ದನ್ನು ಅವನಿಗೆ ಹೇಳಿದೆಯಾ? ಇಲ್ಲ ಅಂತ ನನ್ನ ಊಹೆ.

ಉಪಾಯ ಅಂತ ನನ್ನ ಹತ್ತಿರ ದೊಡ್ಡದೇನೂ ಇಲ್ಲ. ಸೊಂಟದಷ್ಟು ನೀರಿನಲ್ಲಿ ಮಾಸ್ಕ್ ತೆಗೆದು, ರೆಗ್ಯುಲೇಟರ್ ಕಚ್ಚಿಕೊಂಡು, ಮುಖ ಮುಳುಗಿಸಿ ಬಾಯಲ್ಲಿ ಉಸಿರಾಡು. ಮೊದಲ ನಾಲ್ಕು ಉಸಿರು ಹಿಂಸೆ. ಹತ್ತಾದ ಮೇಲೆ ಮೂಗಿಗೆ ತಾಗುವ ನೀರಿಗೂ ಬಾಯಲ್ಲಿ ಬರುವ ಗಾಳಿಗೂ ಸಂಬಂಧ ಇಲ್ಲ ಅಂತ ಗಂಟಲಿಗೆ ಅರ್ಥವಾಗತೊಡಗುತ್ತದೆ. ಬೇಸರ ಬರುವವರೆಗೂ ಮಾಡು. ನಾನು ಇದನ್ನು ಕೋರ್ಸಿನಲ್ಲಿ ಒಂದೇ ಸಲ, ಮಾಡಿದ ಶಾಸ್ತ್ರಕ್ಕೆ ಮಾಡಿದ್ದೆ.

ಮೇಲೆ ಬರಲೇಬೇಕು ಅನ್ನಿಸಿದರೆ ಬಾ, ಯಾರೂ ಬೇಡ ಅನ್ನುವುದಿಲ್ಲ. ರೆಗ್ಯುಲೇಟರ್ ಬಾಯಲ್ಲೇ ಇರಲಿ, ಉಸಿರಾಡುತ್ತಲೇ ಬಾ. ಉಸಿರು ಎಳೆಯುವುದಕ್ಕೇ ಆಗದಿದ್ದರೆ "ಆ..." ಅಂತ ಸದ್ದು ಮಾಡುತ್ತಾ ಬಾ, ಸದ್ದು ಬರುತ್ತಿದ್ದರೆ ಗಂಟಲು ತೆರೆದಿದೆ ಅಂತ ಅರ್ಥ. ಮೇಲೇರುವ ವೇಗ ನಿಮಿಷಕ್ಕೆ 9 ಮೀಟರ್ ಅಂದರೆ ಆ 5 ಮೀಟರಿಗೆ ಅರ್ಧ ನಿಮಿಷಕ್ಕೂ ಜಾಸ್ತಿ ಬೇಕು, ಅದು ಎಷ್ಟು ಉದ್ದ ಅಂತ ಒಮ್ಮೆ ಕುರ್ಚಿಯಲ್ಲಿ ಕೂತು ಎಣಿಸಿ ನೋಡು.

ಇನ್ನೊಂದು, ಹೇಳಬೇಕೋ ಬೇಡವೋ. 12 ಲೀಟರಿನ ಸಿಲಿಂಡರ್ 200 ಬಾರ್‌ನಿಂದ 50ಕ್ಕೆ ಇಳಿಯುವಷ್ಟರಲ್ಲಿ 2 ಕಿಲೋ ಹಗುರ ಆಗಿರುತ್ತದೆ. ಕೊನೆಕೊನೆಗೆ ನೀನು ಬೇಡ ಅಂದರೂ ನೀರು ಮೇಲಕ್ಕೆತ್ತುತ್ತದೆ, ಎತ್ತಿದಷ್ಟೂ ತೇಲಲು ಹಾಕಿಕೊಂಡ ಜಾಕೆಟ್ಟಿನೊಳಗಿನ ಗಾಳಿ ಹಿಗ್ಗಿ ಇನ್ನೂ ಎತ್ತುತ್ತದೆ. ಆಗಲೂ ಉಸಿರು ಹಿಡಿಯಬಾರದು. ನೋಡು, ಎಲ್ಲಿಂದ ಹೊರಟರೂ ಅಲ್ಲಿಗೇ ಬರುತ್ತೇನೆ.

ಅಲೆಯ ಎಳೆತಕ್ಕೆ ಎದುರು ಒದೆಯಬೇಡ, ಅದು ನೀನು ಹೋಗಬೇಕಾದ ಕಡೆಗೆ ಹೋಗುವಾಗ ಸುಮ್ನೆ ಜೊತೆಗೆ ಹೋಗು. ಇಳಿಯುವ ಮುಂಚೆ ಕಾಲು ಗಂಟೆ ದಡದಲ್ಲಿ ಕೂತು ನೀರು ನೋಡು, ಯಾಕೆಂದರೆ ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಐದು ನಿಮಿಷ ನೋಡಿದವರಿಗೆ ಸಮುದ್ರ ಶಾಂತವಾಗಿದೆ ಅಂತಲೇ ಕಾಣುತ್ತದೆ. ವಾಪಸ್ ಬರುವಾಗ ಬಂಡೆ ಸಿಕ್ಕಿತು ಅಂತ ಮಾಸ್ಕ್, ರೆಗ್ಯುಲೇಟರ್ ತೆಗೆಯಬೇಡ, ಅಲೆಯಿಂದ ಪೂರ್ತಿ ಆಚೆ ಬಂದ ಮೇಲೆ ತೆಗಿ. ಹೆಬ್ಬೆರಳು ಮೇಲೆತ್ತಿದರೆ ಅಲ್ಲಿ "ಮೇಲೆ ಹೋಗೋಣ" ಅಂತ ಅರ್ಥ, ತೋರಿಸಿದವರನ್ನು ಯಾಕೆ ಅಂತ ಕೇಳುವ ಹಾಗಿಲ್ಲ. ಅದನ್ನು ತೋರಿಸಲು ನನಗೆ ಒಂದು ಸೆಕೆಂಡ್ ಸಾಕಿತ್ತು.

ಮೀನುಗಳ ವಿಷಯ ಆಮೇಲೆ ಬರಿ. ಮಾಸ್ಕ್ ಇಲ್ಲದೆ ಎಷ್ಟು ಉಸಿರು ಎಣಿಸಿದೆ ಅಂತ ಮೊದಲು ಬರಿ.

ನಿನ್ನ ಚಿಕ್ಕಮ್ಮ

ಕಿವಿಯ ವಿಷಯ ನಿಮ್ಮಮ್ಮನಿಗೆ ಹೇಳಬೇಡ. ಭಾನುವಾರ ಫೋನ್ ಮಾಡಿದಾಗ ನಾನೇ ಹೇಳುತ್ತೇನೆ.