ಹೆಸರು ಬದಲಿಸಿದರೆ ರೆಸ್ಯುಮೆ ಆಗುವುದಿಲ್ಲ

ಮಾನ್ಯರೇ,

ಬಿ.ಕಾಂ. ಮುಗಿಸಿದ ಪಕ್ಕದ ಮನೆ ಹುಡುಗಿ ಮೊನ್ನೆ ತನ್ನ ರೆಸ್ಯುಮೆ ತಂದು ತೋರಿಸಿದಳು. ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ್ದು. ತಂದೆಯ ಹೆಸರು, ಜಾತಿ, ಕೊನೆಗೆ ‘ಹವ್ಯಾಸ: ಕ್ರಿಕೆಟ್’. ಅವಳು ಬ್ಯಾಟ್ ಹಿಡಿದವಳೇ ಅಲ್ಲ. ಯಾರದೋ ಹಳೆಯ ಫೈಲಿನಲ್ಲಿ ಹೆಸರು ಮಾತ್ರ ಬದಲಾಗಿತ್ತು.

ಎರಡು ವರ್ಷದಿಂದ ಮಾವನ ಕೊಬ್ಬರಿ ಮಂಡಿಯ ಬಿಲ್‌ಗಳನ್ನು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಅವಳೇ ಹಾಕುತ್ತಿದ್ದಾಳೆ. ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ‘ಅದನ್ನೂ ಬರೀಬಹುದಾ ಆಂಟಿ?’ ಅಂದಳು. ಕರುಳು ಚುರುಕ್ ಅಂತು. ಕೆಲಸ ಕೊಡುವವರು ಹುಡುಕುವುದೇ ಅದನ್ನು, ಅಲ್ವಾ?

ಸಂದರ್ಶನದಲ್ಲೂ ಇದೇ ಕಥೆ. ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಮಕ್ಕಳು ಊರು, ಮನೆಮಂದಿ ಅಂತ ಉರು ಹೊಡೆದದ್ದನ್ನು ಒಪ್ಪಿಸುತ್ತಾರೆ. ಮಂಡಿಯ ಲೆಕ್ಕ ತಾಳೆಯಾಗದ ದಿನ ತಪ್ಪು ಹೇಗೆ ಹುಡುಕಿದೆ ಅಂತ ಎರಡು ನಿಮಿಷ ಹೇಳಲಿ. ಕೇಳುವವರು ತಲೆ ಎತ್ತಿ ನೋಡುತ್ತಾರೆ.

ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ನಿರುದ್ಯೋಗಿ ಪದವೀಧರರಿಗೆ ಎರಡು ವರ್ಷದವರೆಗೆ ತಿಂಗಳಿಗೆ 3,000 ರೂಪಾಯಿ ಇದೆ. ಒಳ್ಳೆಯದೇ. ಜೊತೆಗೆ ಸರ್ಕಾರಿ ಪದವಿ ಕಾಲೇಜುಗಳು ಕೊನೆಯ ಸೆಮಿಸ್ಟರ್‌ನಲ್ಲಿ ವಾರಕ್ಕೊಂದು ಗಂಟೆ ರೆಸ್ಯುಮೆ, ಸಂದರ್ಶನದ ತಯಾರಿಗೇ ಮೀಸಲಿಡಲಿ. ಅಣಕು ಸಂದರ್ಶನ ಮಾಡಿಸಲಿ, ಮೊದಲು ಕನ್ನಡದಲ್ಲೇ ಆದರೂ ಸರಿ.

– ಓದುಗರು, ತಿಪಟೂರು